ಸುಳ್ಳು ಪೆಟ್ಟಿನ ಸನ್ನದು

ನಿಜವಾದ ಹೊಡೆದಾಟವನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಯಾವ ಊರಿಗೆ ಹೋದರೂ ಅದು ಮನೆಮನೆಯಲ್ಲಿ ತಾನಾಗಿ ಬೆಳೆಯುತ್ತದೆ. ಸುಳ್ಳು ಹೊಡೆದಾಟ ಕಲಿಸುವವರು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಅಂಥವರೊಬ್ಬರು ಮಲಪ್ರಭಾ ಹೊಳೆಯ ದಂಡೆಯಲ್ಲಿದ್ದರು. ಹೆಸರು ಹುಚ್ಚೀರಪ್ಪ ಮಾಸ್ತರ. ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ಕತ್ತಿ ಬೀಸಿದವರು. ರಂಗದ ಮೇಲೆ ಅವರ ಕೈಯಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ಸತ್ತವರೆಲ್ಲ ಮರುದಿನ ಬೆಳಿಗ್ಗೆ ಎದ್ದು ಅವರ ಜೊತೆಗೇ ಕೂತು ಚಹಾ ಕುಡಿದಿದ್ದರು. ಒಬ್ಬರ ಮೈಮೇಲೂ ಒಂದು ಗೀರು ಇರಲಿಲ್ಲ.

ವಯಸ್ಸಾದ ಮೇಲೆ ಮಾಸ್ತರ ಅಲ್ಲೊಂದು ಗರಡಿ ಕಟ್ಟಿದರು. ಒಂದು ಚಪ್ಪರ, ಒಂದು ಅಡುಗೆಮನೆ, ಮುಂದೆ ಹೊಳೆಯವರೆಗೂ ಹಾಸಿಬಿದ್ದ ಉಸುಕು.

ಗರಡಿಗೆ ಇದ್ದದ್ದು ಒಂದೇ ನಿಯಮ. ಹೊಡೆಯುವವರು ಪ್ರತಿ ಪೆಟ್ಟಿಗೂ ಮುಂಚೆ, ತುಟಿ ಅಲುಗದಂತೆ, ಕೇಳಬೇಕು: "ಬರ್ಲೇನು?"

ಪೆಟ್ಟು ತಿನ್ನುವವರು "ಬಾ" ಅನ್ನಬೇಕು. ಅಂದಮೇಲೇ ಕತ್ತಿ ಇಳಿಯಬೇಕು. "ತಡಿ" ಅಂದರೆ ತಡೆಯಬೇಕು.

ನೋಡುವ ಜನರಿಗೆ ಕೇಳಿಸುವುದು "ಎಲೈ ದುರುಳಾ, ನಿನ್ನ ರುಂಡ ಚೆಂಡಾಡುವೆ" ಎಂಬ ಅಬ್ಬರ. ಆ ಅಬ್ಬರದ ಅಡಿಯಲ್ಲಿ, ಹೊಸ ನೆಂಟರು ಹೊಸ್ತಿಲಲ್ಲಿ ನಿಂತು ಕೇಳಿದ ಹಾಗೆ, ಈ ಬರ್ಲೇನು-ಬಾ ನಡೆದೇ ಇರುತ್ತಿತ್ತು.

ಈ ಗರಡಿಗೆ ಆರು ವರ್ಷದ ಹಿಂದೆ ಸಾವಂತ್ರಿ ಬಂದಳು.

ಸೊಲ್ಲಾಪುರದಿಂದ ಬಳ್ಳಾರಿಯವರೆಗೆ ಕತ್ತಿ ಹಿಡಿದ ರಾಣಿಯ ಪಾರ್ಟು ಅಂದರೆ ಸಾವಂತ್ರಿಯೇ. ಕುದುರೆ ಇಲ್ಲದ ಕಂಪನಿಯಲ್ಲಿ ಅವಳು ಕುದುರೆಯಿಂದ ಜಿಗಿದರೆ ಮುಂದಿನ ಸಾಲಿನವರು ಧೂಳು ಬಂತೆಂದು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಗೆಲ್ಲುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಈಗ ಬೇಕಾದದ್ದು ಒಂದೇ, ಸನ್ನದು. ಸುಳ್ಳು ಹೊಡೆದಾಟವನ್ನು ಇನ್ನೊಬ್ಬರಿಗೆ ಕಲಿಸಬಹುದು ಎಂದು ಮಾಸ್ತರ ರುಜು ಹಾಕಿ ಕೊಡುವ ಕಾಗದ. ಅದಿಲ್ಲದವರನ್ನು ಒಳ್ಳೆಯ ಕಂಪನಿಯವರು ಕತ್ತಿಯ ಹತ್ತಿರ ಬಿಡುತ್ತಿರಲಿಲ್ಲ.

ವಿಚಿತ್ರವೆಂದರೆ ಅವಳ ಸನ್ನದು ಮೊದಲ ವರ್ಷವೇ ಸಿದ್ಧವಾಗಿತ್ತು. ಹೆಸರು ಬರೆದು, ರುಜು ಹಾಕಿ, ಮೊಹರು ಒತ್ತಿ, ಮಾಸ್ತರ ಅದನ್ನು ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ವರ್ಷಕ್ಕೊಮ್ಮೆ, ಯುಗಾದಿಯ ಮರುದಿನ, ಹೊರಗೆ ತೆಗೆದು ಅವಳ ಮುಂದೆ ಹಿಡಿಯುತ್ತಿದ್ದರು.

"ಕೊಡ್ಲೇನು?"

"ಕೊಡ್ರಿ" ಎಂದಳು ಮೊದಲ ವರ್ಷ, ಅವರು ಮಾತು ಮುಗಿಸುವ ಮೊದಲೇ.

ಮಾಸ್ತರ "ಹ್ಞೂಂ" ಅಂದರು. ಕಾಗದ ಮಡಿಸಿದರು. ಪೆಟ್ಟಿಗೆ ಮುಚ್ಚಿದರು.

ಎರಡನೇ ವರ್ಷ ಕೈ ಮುಗಿದು ಕೊಡಿ ಎಂದಳು. ಮೂರನೇ ವರ್ಷ, ನಿಮ್ಮ ಇಷ್ಟ ಎಂದು ತಲೆ ತಗ್ಗಿಸಿದಳು. ನಾಲ್ಕನೇ ವರ್ಷ ಅತ್ತಳು. ಕಂಪನಿಯವಳು, ಕಣ್ಣೀರಿಗೇನು ಬರ. ಐದನೇ ವರ್ಷ ಕೈ ಚಾಚಿ ಕಾಗದದ ತುದಿ ಹಿಡಿದೇಬಿಟ್ಟಳು. ಮಾಸ್ತರ ಇನ್ನೊಂದು ತುದಿ ಬಿಡಲಿಲ್ಲ. ಹರಿದೀತೆಂಬ ಭಯಕ್ಕೆ ಅವಳೇ ಬಿಟ್ಟಳು.

ಪ್ರತಿ ವರ್ಷವೂ ಹ್ಞೂಂ. ಪ್ರತಿ ವರ್ಷವೂ ಪೆಟ್ಟಿಗೆ.

ಆರನೇ ವರ್ಷ ಸಂಕ್ರಾಂತಿ ಮುಗಿಯುತ್ತಿದ್ದಂತೆ ಒಂದು ಪತ್ರ ಬಂತು. ದೂರದ ಊರಿನ ನಾಟಕ ಶಾಲೆಯವರು ಬರೆದಿದ್ದರು. ಹೊಡೆದಾಟ ಕಲಿಸಲು ಅವರಿಗೆ ಒಬ್ಬರು ಬೇಕು. ಹಿಂದೆ ಇದ್ದವನಿಗೆ ಸನ್ನದು ಇರಲಿಲ್ಲ, ಇಬ್ಬರು ವಿದ್ಯಾರ್ಥಿನಿಯರ ಕೈ ಮುರಿದಿತ್ತು. ಸಾವಂತ್ರಿಯ ಹೆಸರು ಕೇಳಿದ್ದೇವೆ, ಭಾರತ ಹುಣ್ಣಿಮೆ ಕಳೆದ ಮರುದಿನ ಸನ್ನದಿನೊಂದಿಗೆ ಬಂದರೆ ಜಾಗ ನಿಮ್ಮದು, ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತ್ತು.

ಇಂಥ ಪತ್ರ ಎರಡನೇ ಸಲ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂವತ್ತೈದು ದಾಟಿದ ರಾಣಿಯರಿಗೆ ಕಂಪನಿಗಳಲ್ಲಿ ರಾಜಮಾತೆಯ ಪಾರ್ಟು ಕೊಡುತ್ತಾರೆ. ರಾಜಮಾತೆಗೆ ಕತ್ತಿ ಕೊಡುವುದಿಲ್ಲ.

ಪತ್ರ ಹಿಡಿದು ಮಾಸ್ತರ ಮುಂದೆ ನಿಂತಳು. ಅವರು ಓದಿ, ಮಡಿಸಿ, ಅವಳ ಕೈಗೇ ಕೊಟ್ಟರು.

"ಜೀವಮಾನದಾಗ ಕತ್ತಿ ಮುಟ್ಟದವರನ್ನ ಒಬ್ಬರನ್ನ ಹಿಡಕೊಂಬಾ. ಅವರಿಗೆ ಕಲಸು. ಊರ ಮಂದಿ ಮುಂದ ಅವರು ನಿನ್ನ ಕೊಲ್ಲಬೇಕು."

"ಕೊಲ್ಲೋದು ನಾನಲ್ಲೇನ್ರಿ?"

"ಅದನ್ನ ನೋಡಿ ನೋಡಿ ಸಾಕಾಗೇತಿ."

ಯಾರನ್ನು ಹಿಡಿಯಲಿ ಎಂದು ಅವಳು ಕೇಳಿದಳು. ಅಡುಗೆಮನೆಯಿಂದ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮಾಸ್ತರ ಕಣ್ಣು ಮುಚ್ಚಿ ಆ ಸದ್ದಿಗೆ ತಲೆದೂಗಿದರು.

"ಆಕಿ ಕೈಯಾಗ ತಾಳ ಐತಿ" ಎಂದರು.

ಆಕೆ ದ್ಯಾಮವ್ವ. ಗರಡಿಗೆ ಅಡುಗೆ ಮಾಡಿ ಹಾಕುವವಳು. ಐವತ್ತು ದಾಟಿದ್ದಳು, ಬಾಗಿಲಷ್ಟು ಅಗಲವಿದ್ದಳು. ಇಷ್ಟು ವರ್ಷ ಕತ್ತಿಗಳ ನಡುವೆಯೇ ಓಡಾಡಿಕೊಂಡಿದ್ದರೂ ಒಂದನ್ನೂ ಮುಟ್ಟಿರಲಿಲ್ಲ. ಒಲೆಗೆ ಹಾಕಲು ಬರುತ್ತದೆಯೇ ಎಂದು ಒಮ್ಮೆ ಕೇಳಿದ್ದಳಂತೆ, ಅಷ್ಟೇ.

ಸಾವಂತ್ರಿ ಅವಳಿಗೆ ರಾಕ್ಷಸಿಯ ಪಾರ್ಟು ಹೇಳಿ, ಕೈಗೆ ಕಟ್ಟಿಗೆ ಕತ್ತಿ ಕೊಟ್ಟಳು. ದ್ಯಾಮವ್ವ ಅದನ್ನು ಎತ್ತಿದಳು. ಎತ್ತಿದವಳೇ ನಕ್ಕಳು.

ಅದು ಬಾಯಿಯ ನಗು ಅಲ್ಲ. ಹೊಟ್ಟೆಯ ಅಡಿಯಲ್ಲಿ ಎಲ್ಲೋ ಶುರುವಾಗಿ, ಭುಜ ಕುಣಿಸಿ, ಕಣ್ಣಲ್ಲಿ ನೀರು ತರಿಸಿ, ಆಮೇಲೆ ಹೊರಗೆ ಬರುವಂಥದ್ದು.

"ಯವ್ವಾ ತಂಗಿ, ನಾ ರಾಕ್ಷಸಿ, ನೀ ರಾಣಿ. ನನ್ನ ಗಂಡ ಇದ್ದಿದ್ರ ಇದನ್ನ ನೋಡಿ ಇನ್ನೊಮ್ಮೆ ಸಾಯತಿದ್ದ."

ಹುಣ್ಣಿಮೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಸಾವಂತ್ರಿಗೆ ನಗಲು ಪುರುಸೊತ್ತಿರಲಿಲ್ಲ. ಕತ್ತಿ ಹಿಡಿದವರು ನಗಬಾರದು ಎಂದಳು. ಕಾಲು ಇಲ್ಲಿ, ಕೈ ಅಲ್ಲಿ, ಕಣ್ಣು ನನ್ನ ಕಣ್ಣಲ್ಲಿ ಎಂದಳು. ತಪ್ಪಿದರೆ ಮೊದಲಿಂದ. ಮತ್ತೆ ತಪ್ಪಿದರೆ ಮತ್ತೆ ಮೊದಲಿಂದ.

ಮೂರನೇ ದಿನ ದ್ಯಾಮವ್ವ ನಗುವುದನ್ನು ಬಿಟ್ಟಳು. ಐದನೇ ದಿನ ಅವಳನ್ನು ತಂಗಿ ಅನ್ನುವುದನ್ನು ಬಿಟ್ಟು ಅಕ್ಕೋರು ಅನ್ನತೊಡಗಿದಳು, ಸಾಲಿ ಮಕ್ಕಳು ಕಲಿಸುವವರನ್ನು ಕರೆಯುವ ಹಾಗೆ. ಸಾವಂತ್ರಿಗೆ ಹಿತವಾಯಿತು. ಆರು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

"ಬರ್ಲೇನು?" ಎಂದರೆ ಸಾಕು, ದ್ಯಾಮವ್ವನಿಂದ ಬಾಣದಂತೆ ಉತ್ತರ: "ಬರ್ರಿ ಅಕ್ಕೋರ."

ಒಂಬತ್ತನೇ ದಿನದ ಮಧ್ಯಾಹ್ನ ಊರ ಜನ ಉಸುಕಿನ ಮೇಲೆ ಬಂದು ಕೂತರು. ಬಟ್ಟೆ ಒಗೆಯಲು ಬಂದವರು ಬುಟ್ಟಿ ಪಕ್ಕಕ್ಕಿಟ್ಟು ಕೂತರು. ಮಾಸ್ತರ ಚಪ್ಪರದ ಕಂಬಕ್ಕೆ ಒರಗಿ ನಿಂತರು.

ಹೊಡೆದಾಟದ ಒಂದು ಹೆಜ್ಜೆಯೂ ತಪ್ಪಲಿಲ್ಲ. ಆದರೆ ಜನರಿಂದ ಚಪ್ಪಾಳೆ ಇಲ್ಲ, ಸಿಳ್ಳೆ ಇಲ್ಲ. ಮುಂದೆ ಕೂತ ಮುದುಕಿಯೊಬ್ಬಳು ಮಾತ್ರ, ಪಾಪ ದ್ಯಾಮವ್ವಗ ಪೆಟ್ಟಾದೀತು, ಸಾಕು ಮಾಡ್ರಿ ಎಂದು ಗೊಣಗಿದಳು.

ಏಳನೇ ಪೆಟ್ಟು. "ಬರ್ಲೇನು?" "ಬರ್ರಿ."

ಕತ್ತಿ ಬಂತು. ತಡೆಯಬೇಕಾದ ಕತ್ತಿ ಕಣ್ಣು ಮಿಟುಕಿಸುವಷ್ಟು ತಡವಾಗಿ ಎದ್ದಿತು. ದ್ಯಾಮವ್ವನ ಹೆಬ್ಬೆರಳಿಗೆ ಕಟ್ಟಿಗೆ ಬಡಿದ ಸದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು. ಅವಳು ಬಾಯಿ ಬಿಡಲಿಲ್ಲ. ಹೇಳಿಕೊಟ್ಟ ಹಾಗೆ ಮೂರು ಹೆಜ್ಜೆ ಮುಂದೆ ಬಂದು, ಹೇಳಿಕೊಟ್ಟ ಜಾಗದಲ್ಲಿ ರಾಣಿಯನ್ನು ಕೊಂದಳು. ಸಾವಂತ್ರಿ ತನ್ನ ಇಪ್ಪತ್ತು ವರ್ಷದ ಅನುಭವವನ್ನೆಲ್ಲ ಸುರಿದು ಸತ್ತಳು.

ಜನ ಎದ್ದು ಬಟ್ಟೆ ಒಗೆಯಲು ಹೋದರು.

ಮಾಸ್ತರ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

"ಮಂದಿ ರಾಕ್ಷಸಿಗೆ ಹೆದರಬೇಕಿತ್ತು. ದ್ಯಾಮವ್ವಗಾಗಿ ಹೆದರಿದ್ರು."

ಸಾವಂತ್ರಿಗೆ ಸಿಟ್ಟು ಬಂತು. ನಿಯಮ ಮುರಿದಿಲ್ಲ ಎಂದಳು. ಪ್ರತಿ ಪೆಟ್ಟಿಗೂ ಕೇಳಿದ್ದೇನೆ. ಆ ಪೆಟ್ಟಿಗೂ ಕೇಳಿದ್ದೆ. ಬರ್ರಿ ಅಂದದ್ದು ಅವಳೇ.

"ಬಾಯಿ ಬರ್ರಿ ಅಂತು. ಹೆಬ್ಬೆರಳು ಏನಂತು?"

ಅವಳು ದ್ಯಾಮವ್ವನ ಕೈಯ ಕಡೆ ನೋಡಿದಳು.

"ಹೋಗು, ರೊಟ್ಟಿ ಬಡಿ" ಎಂದರು ಮಾಸ್ತರ. "ಆಕಿ ಬೆರಳು ಬಾತೈತಿ. ಗರಡಿ ಉಪವಾಸ ಬೀಳಬಾರದು."

ರಾಣಿಯರ ಪಾರ್ಟಿನಲ್ಲಿ ರೊಟ್ಟಿ ಬರುವುದಿಲ್ಲ. ಊರೂರು ತಿರುಗುವ ಕಂಪನಿಯಲ್ಲಿ ಬೆಳೆದ ಸಾವಂತ್ರಿ ಖಾನಾವಳಿಯ ರೊಟ್ಟಿ ತಿಂದವಳೇ ಹೊರತು ಬಡಿದವಳಲ್ಲ. ಮೊದಲ ದಿನ ಅವಳು ಬಡಿದದ್ದನ್ನು ಮಾಸ್ತರ ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ, ಇದು ಯಾವ ಜಿಲ್ಲೆಯ ನಕಾಶೆ ಎಂದು ವಿಚಾರಿಸಿದರು. ಎರಡನೇ ದಿನ ಅದನ್ನೂ ಕೇಳಲಿಲ್ಲ, ನೀರಿನಲ್ಲಿ ಅದ್ದಿ ಅಗಿದರು.

ದ್ಯಾಮವ್ವ ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು ಹೇಳಿಕೊಟ್ಟಳು. ಎಸರು ಇಷ್ಟು ಹಾಕು. ಹೀಗೆ ನಾದು. ಅಂಗೈಯಿಂದ ಬಡಿ, ಬೆರಳಿನಿಂದ ತಿರುವು. ಬಯ್ಯಲಿಲ್ಲ. ಪ್ರತಿ ರೊಟ್ಟಿಗೂ ಮುಂಚೆ ಕೇಳುತ್ತಿದ್ದಳು: "ಹಂಚು ಕಾದೈತಿ. ಹಾಕ್ತಿಯೇನು?"

"ಹ್ಞೂಂ" ಅನ್ನುತ್ತಿದ್ದಳು ಸಾವಂತ್ರಿ. ಎತ್ತುತ್ತಿದ್ದಳು. ರೊಟ್ಟಿ ಅರ್ಧ ಅವಳ ಕೈಯಲ್ಲಿ, ಅರ್ಧ ಬಡಿಯುವ ಪರಾತದ ತಟ್ಟೆಯಲ್ಲಿ.

ಮೂರನೇ ದಿನ ಹರಿದ ರೊಟ್ಟಿಯನ್ನು ಹಿಡಿಯಲು ಹೋಗಿ ಬೆರಳು ಹಂಚಿಗೆ ತಾಗಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಒಂಬತ್ತು ದಿನದಿಂದ ಹೂತುಹೋಗಿದ್ದ ದ್ಯಾಮವ್ವನ ನಗು ಎಲ್ಲಿಂದಲೋ ಎದ್ದು ಬಂತು. ನಗುತ್ತಲೇ ಅವಳ ಬೆರಳನ್ನು ತಣ್ಣೀರಿನಲ್ಲಿ ಅದ್ದಿದಳು.

"ಹಿಟ್ಟು ಪರಾತಕ್ಕ ಅಂಟಿತ್ತು. ನೀನೂ ನೋಡಿದಿ. ಮತ್ತ ಹ್ಞೂಂ ಯಾಕ ಅಂದಿ?"

ಸಾವಂತ್ರಿ ಯೋಚಿಸಿದಳು. ನಿಜ, ನೋಡಿದ್ದಳು.

"ನಾಚಿಕಿ ಆತು."

"ಯಾರ ಮುಂದ?"

"ನಿನ್ನ ಮುಂದ."

ಇದಕ್ಕಂತೂ ದ್ಯಾಮವ್ವ ಗೋಡೆ ಹಿಡಿದುಕೊಂಡು ನಕ್ಕಳು. ನನ್ನ ಮುಂದ, ರೊಟ್ಟಿ ಬಡಿಯೋಳ ಮುಂದ, ಸೊಲ್ಲಾಪುರದ ರಾಣಿಗೆ ನಾಚಿಕಿ ಎಂದು ಒಲೆಗೂ ಹೇಳಿದಳು, ಹಂಚಿಗೂ ಹೇಳಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಲೆಯ ಕಟ್ಟಿಗೆಯನ್ನು ಒಳಗೆ ತಳ್ಳಿದಳು.

"ನನಗೂ ಹಂಗ ಆಗತಿತ್ತು, ತಂಗಿ. ಕತ್ತಿ ಬರೋದು ಕಾಣತಿತ್ತು. ಕೈ ಏಳತಿರಲಿಲ್ಲ. ಬಾಯಿ ಮಾತ್ರ ಬರ್ರಿ ಅಕ್ಕೋರ ಅಂತಿತ್ತು."

ಒಲೆಯ ಮೇಲಿನ ತುಂಡು ರೊಟ್ಟಿ ಕರಕಾಯಿತು. ಇಬ್ಬರೂ ತೆಗೆಯಲಿಲ್ಲ.

ಮತ್ತೆ ತಂಗಿ ಅಂದಳಲ್ಲ ಎಂದು ಸಾವಂತ್ರಿಗೆ ಆಗ ಹೊಳೆಯಿತು. ಐದನೇ ದಿನ ಆ ಮಾತು ಹೋದಾಗ ತಾನು ಹಿಗ್ಗಿದ್ದೂ ನೆನಪಾಯಿತು. ತಣ್ಣೀರಿನಲ್ಲಿದ್ದ ಬೆರಳಿಗಿಂತ ಅದು ಹೆಚ್ಚು ಉರಿಯಿತು.

"ದ್ಯಾಮವ್ವಕ್ಕ, ನನಗ ತಡಿ ಅನ್ನು."

"ಯಾಕ? ಏನಾತು?"

"ಏನೂ ಆಗಿಲ್ಲ. ಸುಮ್ಮನ ಅನ್ನು. ದಿನಾ ಅನ್ನು. ರೂಢಿ ಆಗಲಿ."

ಹೀಗೆ ಎರಡನೇ ಪಾಠ ಶುರುವಾಯಿತು. ಬೆರಳಿನ ಬಾವು ಇಳಿಯುವವರೆಗೂ ದ್ಯಾಮವ್ವ ಕತ್ತಿ ಮುಟ್ಟಲಿಲ್ಲ. ಒಲೆಯ ಮುಂದೆ ಕೂತಿರುತ್ತಿದ್ದಳು. ಸಾವಂತ್ರಿ ಕತ್ತಿ ಎತ್ತಿ ನಾಲ್ಕು ಮಾರು ದೂರದಲ್ಲಿ ನಿಂತು ಬರ್ಲೇನು ಎಂದು ಕೇಳುವುದು, ಅವಳು ತಡಿ ಅನ್ನುವುದು.

ಮೊದಲ ದಿನ ತಡಿ ಅನ್ನುವಲ್ಲಿ ಅವಳ ಬಾಯಿಂದ ಬಾ ಎಂದೇ ಬಂತು. ಎರಡನೇ ದಿನ ತಡಿ ಹೊರಗೆ ಬಂತು. ಮೂರನೇ ದಿನ ರುಚಿ ಹತ್ತಿತು. ತಡಿ, ಒಲಿ ಊದಬೇಕು. ತಡಿ, ಸೆರಗು ಜಾರೇತಿ. ತಡಿ, ಬೆಕ್ಕು ಬಂತು. ಐವತ್ತು ವರ್ಷ ಎಲ್ಲರಿಗೂ ಹ್ಞೂಂ ಅಂದವಳು, ಒಂದೇ ವಾರದಲ್ಲಿ ಬಾಕಿಯನ್ನೆಲ್ಲ ತೀರಿಸಿಕೊಂಡಳು. ಒಮ್ಮೆ ತಡಿ ಎಂದು ಹೇಳಿ ಸಾರಿಗೆ ಒಗ್ಗರಣೆ ಹಾಕಿ, ಇಳಿಸಿ, ಮುಚ್ಚಿ ಬಂದಳು. ಸಾವಂತ್ರಿ ಅಷ್ಟು ಹೊತ್ತೂ ಕತ್ತಿ ಎತ್ತಿ ನಿಂತಿದ್ದಳು. ಭುಜ ಸಿಡಿಯುತ್ತಿತ್ತು.

"ಇನ್ನೂ ನಿಂತೀಯೇನ?" ಎಂದಳು ದ್ಯಾಮವ್ವ, ನಿಜವಾಗಿ ಅಚ್ಚರಿಯಿಂದ.

"ನೀ ಬಾ ಅಂದಿಲ್ಲಲ್ಲ."

ದ್ಯಾಮವ್ವ ಬಂದು ಅವಳ ಕತ್ತಿಯನ್ನು ಕೆಳಗಿಳಿಸಿದಳು. ಮರುದಿನ ಬೆರಳಿನ ಬಾವು ಇಳಿದು ದ್ಯಾಮವ್ವ ಮತ್ತೆ ಕತ್ತಿ ಹಿಡಿದಾಗ ಅವಳ ಕಾಲು ಉಸುಕಿನಲ್ಲಿ ಬೇರೆ ತರಹ ಊರಿತು. ನಗು ಮಾತ್ರ ನಿಲ್ಲಲಿಲ್ಲ. ಸಾವಂತ್ರಿ ನಿಲ್ಲಿಸಲೂ ಹೋಗಲಿಲ್ಲ. ಬಂದಾಗ ಬರಲಿ, ಹೋದಾಗ ಹೋಗಲಿ ಎಂದು ಬಿಟ್ಟಳು. ಹಾಗೆ ಬಿಟ್ಟದ್ದಕ್ಕೋ ಏನೋ, ಅವಳ ರೊಟ್ಟಿಯೂ ದುಂಡಗಾಗತೊಡಗಿತು.

ಭಾರತ ಹುಣ್ಣಿಮೆಯ ದಿನ ಮಧ್ಯಾಹ್ನ ಜನ ಮತ್ತೆ ಬಂದು ಕೂತರು. ಹಿಂದಿನ ಸಲದ ಮುದುಕಿ, ಗಾಯಕ್ಕೆ ಬೇಕಾದೀತೆಂದು ಮನೆಯಿಂದ ಅರಿಶಿನದ ಪೊಟ್ಟಣ ತಂದಿದ್ದಳು. ಮಾಸ್ತರ ಅದೇ ಕಂಬಕ್ಕೆ ಒರಗಿದರು. ಮರುದಿನದ ಮೊದಲ ಬಸ್ಸಿಗೆ ಹೋಗುವುದೋ ಬಿಡುವುದೋ ತಿಳಿಯದೆ ಸಾವಂತ್ರಿಯ ಟ್ರಂಕು ಅರ್ಧ ತುಂಬಿ ಕೂತಿತ್ತು.

ಆರು ಪೆಟ್ಟು ಸಲೀಸಾಗಿ ಹೋದವು. ಏಳನೆಯದಕ್ಕೆ ಸಾವಂತ್ರಿ ಕತ್ತಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ, ರಾಕ್ಷಸಿಯ ಕುಲವನ್ನೆಲ್ಲ ಶಪಿಸಿ, ಕೊನೆಗೆ ಉಸಿರಿನಲ್ಲಿ ಕೇಳಿದಳು.

"ಬರ್ಲೇನು?"

"ತಡಿ."

ದ್ಯಾಮವ್ವನ ಸೆರಗು ನಿಜವಾಗಿಯೂ ಬಿಚ್ಚಿಕೊಂಡಿತ್ತು.

ಸಾವಂತ್ರಿ ತಡೆದಳು. ಕತ್ತಿ ಗಾಳಿಯಲ್ಲಿ ನಿಂತಿತು. ಉಸುಕಿನ ಮೇಲೆ ಕೂತ ಅಷ್ಟೂ ಜನರ ಉಸಿರು ಅದರ ಜೊತೆಗೇ ನಿಂತಿತು. ಸೊಲ್ಲಾಪುರದಿಂದ ಬಳ್ಳಾರಿಯವರೆಗೆ ಯಾರ ಮುಂದೆಯೂ ನಿಲ್ಲದ ಕತ್ತಿ ಯಾಕೆ ನಿಂತಿತು? ರಾಣಿಗೆ ಏನು ಕಂಡಿತು?

ದ್ಯಾಮವ್ವ ಅವಸರ ಮಾಡಲಿಲ್ಲ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹಣೆಯ ಬೆವರು ಒರೆಸಿದಳು. ಕಾಲು ಅಗಲಿಸಿ ಊರಿದಳು. ಆಮೇಲೆ ತಲೆ ಎತ್ತಿ, ಕತ್ತಿ ಮೇಲೆತ್ತಿ ಗರುಡಗಂಬದಂತೆ ನಿಂತ ರಾಣಿಯನ್ನು ನೋಡಿದಳು. ನೋಡಿದವಳಿಗೆ ಒಗ್ಗರಣೆ ನೆನಪಾಗಿರಬೇಕು.

ನಗು ಶುರುವಾಯಿತು.

ಹೊಟ್ಟೆಯ ಅಡಿಯಿಂದ ಎದ್ದು, ಭುಜ ಕುಣಿಸಿ, ಹೊಳೆಯ ಆಚೆ ದಡಕ್ಕೆ ಬಡಿದು ಹಿಂದಿರುಗಿ ಬಂತು. ಮುಂದಿನ ಸಾಲಿನವರು ಕೂತಲ್ಲಿಂದಲೇ ಎರಡು ಮಾರು ಹಿಂದೆ ಸರಿದರು. ಒಗೆಯಲು ಬಂದವಳೊಬ್ಬಳು ಬುಟ್ಟಿಯನ್ನು ಎದೆಗೆ ಅವಚಿಕೊಂಡಳು. ಮುದುಕಿ ಕೈಯಲ್ಲಿದ್ದ ಪೊಟ್ಟಣ ಬಿಚ್ಚಿ, ಅರಿಶಿನವನ್ನು ತನ್ನ ಹಣೆಗೇ ಹಚ್ಚಿಕೊಂಡಳು.

"ಬಾ" ಎಂದಳು ದ್ಯಾಮವ್ವ.

ಏಳನೇ ಪೆಟ್ಟು ಇಳಿಯಿತು. ತಡೆಯುವ ಕತ್ತಿ ಅದಕ್ಕೂ ಮೊದಲೇ ಅಲ್ಲಿ ಬಂದು ಕಾಯುತ್ತಿತ್ತು. ಆಮೇಲಿನದು ರೊಟ್ಟಿ ಬಡಿದ ಹಾಗೆ ನಡೆಯಿತು. ಟಪ್, ತಿರುವು, ಟಪ್. ಈಗ ಕೇಳುವ ಸರದಿ ದ್ಯಾಮವ್ವನದು. ಬರ್ಲೇನು ತಂಗಿ? ಬಾ ಅಕ್ಕ. ಮೂರು ಹೆಜ್ಜೆ ಮುಂದೆ ಬಂದು, ರಾಣಿಯನ್ನು ಒಂದೇ ಏಟಿಗೆ ಕೆಡವಿದಳು.

ಸಾವಂತ್ರಿ ಈ ಸಲ ಅನುಭವ ಸುರಿಯಲಿಲ್ಲ. ಕೊಯ್ದ ಜೋಳದ ಸೂಡಿನಂತೆ ಸುಮ್ಮನೆ ಬಿದ್ದಳು. ಅವಳು ಬಿದ್ದದ್ದನ್ನು ಯಾರೂ ನೋಡಲೂ ಇಲ್ಲ. ಎಲ್ಲರ ಕಣ್ಣೂ ರಾಕ್ಷಸಿಯ ಮೇಲಿತ್ತು. ಆಮೇಲೆ ಸಿಳ್ಳೆ, ಕೂಗು, ಉಸುಕು ತೂರಾಟ.

ಗದ್ದಲದ ನಡುವೆ ರಾಕ್ಷಸಿ ಬಗ್ಗಿ ಹೆಣವನ್ನು ಕೇಳಿದಳು: "ಮೂಗಿನಾಗ ಉಸುಕು ಹೋತೇನು, ತಂಗಿ?"

ಹೆಣ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅಂಗಾತ ಹೊರಳಿ, ನಗು ತಡೆಯಲಾರದೆ, ಉಸಿರು ಹಿಡಿಯಲಾರದೆ ಒದ್ದಾಡುತ್ತಿತ್ತು.

ಮಾಸ್ತರ ಕಂಬ ಬಿಟ್ಟು ನಿಧಾನವಾಗಿ ಬಂದರು. ಮೊದಲು ದ್ಯಾಮವ್ವನ ಮುಂದೆ ನಿಂತರು. ಅವಳ ಎರಡೂ ಕೈ ಹಿಡಿದು, ಒಂದೊಂದೇ ಬೆರಳನ್ನು ಮಡಿಸಿ ಬಿಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಲ್ಲೂ ಒಂದು ಗೀರು ಇರಲಿಲ್ಲ. ಕೈ ಬಿಟ್ಟರು. ಚಪ್ಪರಕ್ಕೆ ಹೋಗಿ ಪೆಟ್ಟಿಗೆ ತೆಗೆದರು.

ಸಾವಂತ್ರಿ ಇನ್ನೂ ಬಿದ್ದೇ ಇದ್ದಳು. ಮೇಲೆ ಆಕಾಶ ಗುಡಿಸಿದ ಅಂಗಳದಂತೆ ಖಾಲಿಯಾಗಿತ್ತು. ಕಂಪನಿಗಳಲ್ಲಿ ಅಷ್ಟು ವರ್ಷ ಗೆದ್ದಾಗಲೂ ಇಷ್ಟು ಖುಷಿ ಆಗಿರಲಿಲ್ಲ ಎಂದು ಅವಳಿಗೆ ಅನಿಸಿತು. ಪತ್ರ, ಬಸ್ಸು, ಟ್ರಂಕು ಒಂದೂ ನೆನಪಿಗೆ ಬರಲಿಲ್ಲ. ಹಲ್ಲಿನ ನಡುವೆ ಉಸುಕು ಕರಕರ ಅನ್ನುತ್ತಿತ್ತು.

ಆ ಆಕಾಶಕ್ಕೆ ಅಡ್ಡವಾಗಿ ಮಾಸ್ತರ ಮುಖ ಬಂತು. ಕೈಯಲ್ಲಿ, ಆರು ವರ್ಷದ ಮಡಿಕೆಗೆ ಸವೆದ ಕಾಗದ.

"ಕೊಡ್ಲೇನು?"

ಅವಳು ಬಾಯಿ ತೆರೆದಳು. ಮಾತು ಬರುವ ಮೊದಲು ಮತ್ತೊಂದು ನಗು ನುಗ್ಗಿ ಬಂತು. ಪಕ್ಕೆ ಹಿಡಿದುಕೊಂಡಳು. ಎದ್ದು ಕೂರಲು ಹೋದಳು, ಆಗಲಿಲ್ಲ. ಕೈ ಎತ್ತಿ ಅವರನ್ನು ತಡೆದಳು.

"ತಡೀರಿ ಮಾಸ್ತರ" ಎಂದಳು. "ಉಸಿರು ಇನ್ನೂ ಬಂದಿಲ್ಲ."

ಹುಚ್ಚೀರಪ್ಪ ಮಾಸ್ತರ ಅವಳ ಪಕ್ಕದಲ್ಲಿ ಉಸುಕಿನ ಮೇಲೆ ಕೂತರು. ಕಾಲು ಚಾಚಿದರು. ಗಾಳಿಗೆ ಹಾರದಂತೆ ಕಾಗದವನ್ನು ಮಂಡಿಯ ಮೇಲೆ ಒತ್ತಿ ಹಿಡಿದರು.

"ತಡೀತೀನಿ, ಮಗಳ" ಎಂದರು. "ಈ ಮಾತು ಕೇಳಾಕಂತ ಆರು ವರ್ಷ ಕಾದೀನಿ."